ಅಪ್ಪನ ಹಳೇ ಕ್ಯೂಬೇಸಿಕ್ ಪ್ರೋಗ್ರಾಮು: ಯುಎಸ್‌ಬಿ ಪ್ಯಾರಲಲ್ ಕೇಬಲ್ ಹಾಕಿದ್ರೆ ಮೋಟರ್ ತಿರುಗ್ತಿಲ್ಲ, ಏನ್ಮಾಡ್ಲಿ?

ಪೀಣ್ಯ_ಕಾಯಿಲ್

ಎಲ್ರಿಗೂ ನಮಸ್ಕಾರ. ನಮ್ಮಪ್ಪಂದು ಪೀಣ್ಯ 2ನೇ ಹಂತದಲ್ಲಿ ಚಿಕ್ಕ ವರ್ಕ್‌ಶಾಪ್ ಇದೆ, ಟ್ರಾನ್ಸ್‌ಫಾರ್ಮರ್ ಕಾಯಿಲ್ ಸುತ್ತೋ ಕೆಲಸ. ಒಂದು ವೈಂಡಿಂಗ್ ಮಶೀನ್ ಅಪ್ಪ ತಾವೇ ಮಾಡ್ಕೊಂಡಿದ್ದು, 1996ರಲ್ಲಿ. ಕ್ಯೂಬೇಸಿಕ್ ಅನ್ನೋ ಹಳೇ ಡಾಸ್ ಕಾಲದ ಭಾಷೆಯಲ್ಲಿ ಪ್ರೋಗ್ರಾಮ್ ಬರೆದು ಕಂಪ್ಯೂಟರಿನ ಪ್ರಿಂಟರ್ ಪೋರ್ಟಿಂದಾನೇ (ಪ್ಯಾರಲಲ್ ಪೋರ್ಟ್ ಅಂತಾರಲ್ಲ, ಅದು) ಮಶೀನ್ ಓಡಿಸ್ತಾರೆ. ಪಿನ್ 2ರಿಂದ 5ರವರೆಗೆ ತಂತಿನ ಆ ಕಡೆ ಈ ಕಡೆ ಎಳಿಯೋ ಸ್ಟೆಪ್ಪರ್ ಮೋಟರ್ (ಒಂದೊಂದೇ ಹೆಜ್ಜೆ ತಿರುಗೋದು), ಪಿನ್ 6ಕ್ಕೆ ಸ್ಪಿಂಡಲ್ ರಿಲೇ, ಪಿನ್ 10ಕ್ಕೆ ಸುತ್ತು ಎಣಿಸೋ ಸೆನ್ಸರ್. ಮಧ್ಯದಲ್ಲಿ ಒಂದು ಡಬ್ಬಿ, ಅದರೊಳಗೆ ಆಪ್ಟೋಕಪ್ಲರ್‌ಗಳು (ಬೆಳಕಿನ ಮೂಲಕ ಸಿಗ್ನಲ್ ದಾಟಿಸಿ ಕಂಪ್ಯೂಟರನ್ನ ಕಾಪಾಡೋವು) ಮತ್ತೆ ಮೋಟರ್‌ಗೆ ಕರೆಂಟ್ ಕೊಡೋ ಯುಎಲ್‌ಎನ್2003 ಚಿಪ್.

ಇಷ್ಟು ವರ್ಷದಲ್ಲಿ ಕಂಪ್ಯೂಟರ್ ಬದಲಾಗಿರೋದು ಒಂದೇ ಸಲ, 2003ರಲ್ಲಿ, ವಿಂಡೋಸ್ 98 ಇರೋ ಮಶೀನ್ ತಂದ್ರು, ಫ್ಲಾಪಿಯಿಂದ ಪ್ರೋಗ್ರಾಮ್ ಕಾಪಿ ಮಾಡಿದ್ರು, ಓಡ್ತು. ಈಗ ಅದರ ಮದರ್‌ಬೋರ್ಡಲ್ಲಿ ಕೆಪಾಸಿಟರ್‌ಗಳು ಉಬ್ಬಿಹೋಗಿ ಆನ್ ಆಗೋದೇ ನಿಂತೋಯ್ತು. ಹಾರ್ಡ್ ಡಿಸ್ಕ್ ಚೆನ್ನಾಗಿದೆ, ಪ್ರೋಗ್ರಾಮ್ ತೆಗೆದು ನನ್ನ ಲ್ಯಾಪ್‌ಟಾಪ್‌ಗೆ ಹಾಕ್ಕೊಂಡಿದೀನಿ. ವಿಂಡೋಸ್ 10, 64 ಬಿಟ್, ಕ್ಯೂಬೇಸಿಕ್ ನೇರ ಓಪನ್ನೇ ಆಗ್ಲಿಲ್ಲ, ಆಮೇಲೆ ಹಳೇ ಡಾಸ್ ಕಂಪ್ಯೂಟರಿನ ಅನುಕರಣೆ ಮಾಡೋ ಡಾಸ್‌ಬಾಕ್ಸ್ ಹಾಕಿದೆ, ಅದರಲ್ಲಿ ಓಪನ್ ಆಯ್ತು, ಸ್ಕ್ರೀನ್ ಮೇಲೆ ಎಲ್ಲಾ ಮೊದಲಿನ ಥರಾನೇ ಬರುತ್ತೆ. ಲ್ಯಾಪ್‌ಟಾಪಲ್ಲಿ ಪ್ರಿಂಟರ್ ಪೋರ್ಟ್ ಇಲ್ವಲ್ಲ ಅಂತ ಎಸ್.ಪಿ. ರೋಡಿಗೆ ಹೋಗಿ ಯುಎಸ್‌ಬಿಯಿಂದ ಪ್ಯಾರಲಲ್‌ಗೆ ಬರೋ ಕೇಬಲ್ ತಂದೆ, ಅಂಗಡಿಯವರು ಎಲ್ಲಾದಕ್ಕೂ ಆಗುತ್ತೆ ಮೇಡಂ ಅಂದ್ರು.

ಆದ್ರೆ ಮಶೀನ್ ಅಲ್ಲಾಡ್ತಿಲ್ಲ. ಎರರ್ ಕೂಡ ಬರಲ್ಲ. ಪ್ರೋಗ್ರಾಮಲ್ಲಿ ಔಟ್ 888, 9 ಆಮೇಲೆ ಔಟ್ 888, 5 ಅಂತ ಸಾಲುಗಳಿವೆ, ಅವು ಓಡ್ತಿವೆ, ಪಿನ್‌ನಲ್ಲಿ ಮಲ್ಟಿಮೀಟರ್ ಇಟ್ರೆ ಏನೂ ಬದಲಾಗಲ್ಲ. ಸೆನ್ಸರ್ ಓದೋ 889 ಯಾವಾಗ್ಲೂ 255 ಅಂತಾನೇ ತೋರಿಸುತ್ತೆ, ಸ್ಪಿಂಡಲ್ ಕೈಯಲ್ಲಿ ತಿರುಗಿಸಿದ್ರೂ ಅಷ್ಟೇ.

ಪಿಎಲ್‌ಸಿ (ಮಶೀನ್ ನಡೆಸೋ ಕಂಟ್ರೋಲರ್) ಹಾಕ್ಸಿ, ಹೊಸದಾಗಿ ಬರೆಸಿ ಅಂತ ಇಬ್ರು ಮೂವರು ಹೇಳಿದ್ರು. ಆದ್ರೆ ಆ ಪ್ರೋಗ್ರಾಮಲ್ಲಿ ಅಪ್ಪಂದು ಇಪ್ಪತ್ತೈದು ವರ್ಷಕ್ಕೂ ಜಾಸ್ತಿ ಅನುಭವ ಇದೆ, ಯಾವ ಗೇಜ್ ತಂತಿಗೆ ಪದರ ಮುಗಿಯೋ ಹತ್ರ ಎಷ್ಟು ನಿಧಾನ ಮಾಡ್ಬೇಕು, ಎಲ್ಲಿ ಪೇಪರ್ ಇಡೋಕೆ ನಿಲ್ಲಿಸ್ಬೇಕು ಅಂತೆಲ್ಲ. ಅದನ್ನ ಬಿಸಾಕೋಕೆ ನಂಗೂ ಮನಸ್ಸಿಲ್ಲ ಅಪ್ಪಂಗೂ ಇಲ್ಲ. ಭಾಷೆ ಹಳೇದು ಅಂತ ಹೀಗಾಗ್ತಿದ್ಯಾ, ಕೇಬಲ್ ಸರಿ ಇಲ್ವಾ? ಬೇರೆ ಕಂಪನಿ ಕೇಬಲ್ ತಂದ್ರೆ ಆಗುತ್ತಾ? ದಯವಿಟ್ಟು ಹೇಳಿ.

ಜಯನಗರ_ಟೆಕ್ಕಿ

ಅಕ್ಕಾ ಬೇರೆ ಕೇಬಲ್‌ಗೆ ದುಡ್ಡು ಹಾಕ್ಬೇಡಿ. ಡಿವೈಸ್ ಮ್ಯಾನೇಜರ್ ಓಪನ್ ಮಾಡಿ ಆ ಕೇಬಲ್ ಎಲ್ಲಿ ಕೂತಿದೆ ನೋಡಿ ಹೇಳಿ. ಪೋರ್ಟ್ಸ್ ಅನ್ನೋ ಗುಂಪಿನ ಕೆಳಗೆ ಎಲ್‌ಪಿಟಿ1 (ಪ್ರಿಂಟರ್ ಪೋರ್ಟಿನ ಹೆಸರು) ಅಂತ ಇದ್ಯಾ, ಇಲ್ಲ ಯುಎಸ್‌ಬಿ ಕಂಟ್ರೋಲರ್‌ಗಳ ಕೆಳಗೆ ಯುಎಸ್‌ಬಿ ಪ್ರಿಂಟಿಂಗ್ ಸಪೋರ್ಟ್ ಅಂತ ಇದ್ಯಾ? ಎರಡನೇದೇ ಇರುತ್ತೆ ಅನ್ಸುತ್ತೆ.

ಹಳೇಬೋರ್ಡು

ಮೇಡಂ, ಭಾಷೆದು ಏನೂ ತಪ್ಪಿಲ್ಲ, ನಿಮ್ಮ ಅಪ್ಪಾಜಿ ಪ್ರೋಗ್ರಾಮ್‌ದೂ ತಪ್ಪಿಲ್ಲ, ಕೇಬಲ್ ಕೂಡ ಕೆಟ್ಟಿರಲ್ಲ. ಆ ಕೇಬಲ್ ಪ್ಯಾರಲಲ್ ಪೋರ್ಟೇ ಅಲ್ಲ, ತೊಂದರೆ ಇರೋದು ಅಲ್ಲಿ. ನೋಡೋಕೆ ಅದೇ 25 ಪಿನ್ನು ಅಥವಾ ಪ್ರಿಂಟರ್ ಕಡೆಯ 36 ಪಿನ್ನು, ಆದ್ರೆ ಒಳಗಿರೋದು ಪ್ರಿಂಟರ್ ಜೊತೆ ಮಾತಾಡೋಕೆ ಮಾತ್ರ ಗೊತ್ತಿರೋ ಒಂದು ಚಿಪ್ಪು.

ಹಳೇ ಪಿಸಿಯಲ್ಲಿ ಎಲ್‌ಪಿಟಿ1 ಅಂದ್ರೆ ಪ್ರೊಸೆಸರಿಗೆ 888 ಅನ್ನೋ ವಿಳಾಸ. 888ಕ್ಕೆ ಬರೆದಿದ್ದು ನೇರ ಪಿನ್ 2ರಿಂದ 9ಕ್ಕೆ ಬರುತ್ತೆ, 889ರಲ್ಲಿ ಐದು ಇನ್‌ಪುಟ್ ಪಿನ್ ಓದ್ಬಹುದು, 890ರಲ್ಲಿ ಕಂಟ್ರೋಲ್ ಪಿನ್‌ಗಳು ನಾಲ್ಕು. ಕ್ಯೂಬೇಸಿಕ್‌ನಲ್ಲಿ ಔಟ್ ಅಂತಾರೆ, ಟರ್ಬೋ ಸಿಯಲ್ಲಿ ಔಟ್‌ಪೋರ್ಟ್‌ಬಿ ಅಂತಾರೆ, ಟರ್ಬೋ ಪ್ಯಾಸ್ಕಲ್‌ನಲ್ಲಿ ಪೋರ್ಟ್ ಅನ್ನೋ ಅರೇಗೆ ಬೆಲೆ ಹಾಕಿದ್ರೆ ಆಯ್ತು, ಕೊನೆಗೆ ಮೂರೂ ಪ್ರೊಸೆಸರಿನ ಒಂದೇ ಇನ್‌ಸ್ಟ್ರಕ್ಷನ್ನು. ಯುಎಸ್‌ಬಿ ಕೇಬಲ್‌ಗೆ ಈ ಥರ ವಿಳಾಸ ಅನ್ನೋದೇ ಇಲ್ಲ. ನೀವು 888ನೇ ನಂಬರ್ ಮನೆಗೆ ಕಾಗದ ಹಾಕ್ತಾನೇ ಇದೀರ, ಲ್ಯಾಪ್‌ಟಾಪಲ್ಲಿ ಆ ಮನೇನೇ ಕಟ್ಟಿಲ್ಲ. ಅದಕ್ಕೇ ಎರರ್ ಬರಲ್ಲ. 889 ಓದಿದ್ರೆ 255 ಬರೋದೂ ಅದಕ್ಕೇ, ಆ ವಿಳಾಸದಲ್ಲಿ ಉತ್ತರ ಕೊಡೋರು ಯಾರೂ ಇಲ್ದಿದ್ರೆ ಎಂಟೂ ಬಿಟ್ 1 ಆಗಿ ಕಾಣುತ್ತೆ.

ಇನ್ನೊಂದು ವಿಷ್ಯ, ಇಲ್ಲೇ ತುಂಬಾ ಜನ ಎಡವೋದು. ಹೇಗಾದ್ರೂ ಮಾಡಿ ಆ ಕೇಬಲ್‌ಗೆ ಬೈಟ್ ಕಳಿಸಿದ್ರಿ ಅಂತಾನೇ ಇಟ್ಕೊಳ್ಳಿ, ಫೈಲ್ ಪ್ರಿಂಟ್ ಮಾಡೋ ಥರ, ಆಗ್ಲೂ ನಿಮ್ಮ ಮಶೀನ್ ಸರಿಯಾಗಿ ಓಡಲ್ಲ. ಆ ಚಿಪ್ ಪ್ರತಿ ಬೈಟ್‌ಗೂ ತಾನೇ ಸ್ಟ್ರೋಬ್ (ಬೈಟ್ ತೊಗೋ ಅನ್ನೋ ಸಿಗ್ನಲ್) ಕೊಡುತ್ತೆ, ಪ್ರಿಂಟರ್ ಬಿಝಿ ಇದ್ಯಾ ಅಂತ ನೋಡುತ್ತೆ, ಬಿಝಿ ಲೈನ್ ಮೇಲಿದ್ರೆ ಕಾಯ್ತಾ ಕೂತ್ಬಿಡುತ್ತೆ. ವಾಪಸ್ ಓದೋಕೆ ಯುಎಸ್‌ಬಿ ಪ್ರಿಂಟರ್ ನಿಯಮದಲ್ಲಿ ಸಿಗೋ ಸ್ಟೇಟಸ್ ಬಿಟ್‌ಗಳು ಮೂರೇ, ಪೇಪರ್ ಖಾಲಿ, ಸೆಲೆಕ್ಟ್, ಎರರ್. ನಿಮ್ಮ ಸೆನ್ಸರ್ ಇರೋ ಪಿನ್ 10 ಅಂದ್ರೆ ಆಕ್ ಲೈನು (ಪ್ರಿಂಟರ್ ಬೈಟ್ ಸಿಕ್ತು ಅಂತ ಹೇಳೋದು), ಅದು ಆ ಮೂರರಲ್ಲಿ ಇಲ್ವೇ ಇಲ್ಲ. ಯಾವ ಕಂಪನಿ ಕೇಬಲ್ ತಂದ್ರೂ ಇದೇ ಕಥೆ.

ಇನ್‌ಪೌಟ್32 ಅನ್ನೋ ಡಿಎಲ್‌ಎಲ್ ಹಾಕಿ ಅಂತ ಯಾರಾದ್ರೂ ಹೇಳ್ತಾರೆ, ಈಗ್ಲೇ ಹೇಳ್ಬಿಡ್ತೀನಿ. ವಿಂಡೋಸ್ 98ವರೆಗೆ ಪ್ರೋಗ್ರಾಮ್‌ಗಳು ಪೋರ್ಟನ್ನ ನೇರ ಮುಟ್ಬಹುದಿತ್ತು, ಎನ್‌ಟಿ ವಂಶದವು, ಅಂದ್ರೆ 2000, ಎಕ್ಸ್‌ಪಿ ಮತ್ತೆ ಅಲ್ಲಿಂದೀಚೆಗೆ ಬಂದಿದ್ದೆಲ್ಲ, ಅದನ್ನ ತಡೀತವೆ, ಆ ಡಿಎಲ್‌ಎಲ್ ಬಾಗಿಲು ತೆಗೆದುಕೊಡುತ್ತೆ ಅಷ್ಟೇ. ಬಾಗಿಲ ಆ ಕಡೆ ಪೋರ್ಟೇ ಇಲ್ದಿದ್ರೆ ತೆಗೆದು ಏನು ಮಾಡ್ತೀರ.

ನನ್ನ ಸಲಹೆ ಕೇಳಿದ್ರೆ, ಲ್ಯಾಪ್‌ಟಾಪ್ ಬಿಡಿ, ಡೆಸ್ಕ್‌ಟಾಪ್ ನೋಡಿ. ಸೆಕೆಂಡ್‌ಹ್ಯಾಂಡ್ ಆಫೀಸ್ ಡೆಸ್ಕ್‌ಟಾಪ್‌ಗಳು ಎಸ್.ಪಿ. ರೋಡಲ್ಲಿ ರಾಶಿ ಬಿದ್ದಿರ್ತವೆ. ಹಿಂದುಗಡೆ 25 ತೂತಿನ ಕನೆಕ್ಟರ್ ಇಲ್ಲ ಅಂತ ಬಿಟ್ಬರ್ಬೇಡಿ, ಮುಚ್ಚಳ ತೆಗೆಸಿ ಬೋರ್ಡ್ ಮೇಲೆ ನೋಡಿ, ಎಷ್ಟೋ ಬೋರ್ಡ್‌ಗಳಲ್ಲಿ ಎಲ್‌ಪಿಟಿ ಅಂತ ಬರೆದು ಎರಡು ಸಾಲು ಪಿನ್ ಇರುತ್ತೆ, 13 ಜೋಡಿಯಲ್ಲಿ ಒಂದು ಪಿನ್ ಕಮ್ಮಿ. ಅದಕ್ಕೊಂದು ಬ್ರ್ಯಾಕೆಟ್ ಕೇಬಲ್ ಹಾಕಿದ್ರೆ ಅಸಲಿ 888 ಸಿಕ್ತು. ಬಯೋಸ್‌ನಲ್ಲಿ (ಕಂಪ್ಯೂಟರ್ ಆನ್ ಆಗುವಾಗ ಸಿಗೋ ಸೆಟಪ್) ಪ್ಯಾರಲಲ್ ಪೋರ್ಟ್ ಎನೇಬಲ್ ಮಾಡಿ, ವಿಳಾಸ 378 ಅಂತ ಇರ್ಬೇಕು, ಅದು ಹೆಕ್ಸ್, ಅಂದ್ರೆ 16ರ ಲೆಕ್ಕ, ನಮ್ಮ ಲೆಕ್ಕದಲ್ಲಿ 888. ಬೋರ್ಡ್ ಮೇಲೆ ಆ ಪಿನ್ ಸಾಲೂ ಇಲ್ದಿದ್ರೆ ಪಿಸಿಐ ಇಲ್ಲಾ ಪಿಸಿಐ ಎಕ್ಸ್‌ಪ್ರೆಸ್ ಪ್ಯಾರಲಲ್ ಕಾರ್ಡ್ ಹಾಕ್ಬಹುದು, ಅದು ನಿಜವಾದ ಪೋರ್ಟೇ, ವಿಳಾಸ ಮಾತ್ರ ಬೇರೆ ಬರುತ್ತೆ. ಡಿವೈಸ್ ಮ್ಯಾನೇಜರಿನ ರಿಸೋರ್ಸಸ್ ಪುಟದಲ್ಲಿ ಡಿ010 (ಇದೂ ಹೆಕ್ಸ್) ಅಂತ ಇದ್ರೆ ಪ್ರೋಗ್ರಾಮಲ್ಲಿ 888 ಇರೋ ಕಡೆ 53264, 889 ಇರೋ ಕಡೆ 53265. ಕಾರ್ಡ್ ಸ್ಲಾಟ್ ಬದಲಾಯಿಸಿದ್ರೆ ವಿಳಾಸಾನೂ ಬದಲಾಗ್ಬಹುದು, ಅದಕ್ಕೆ ಪ್ರೋಗ್ರಾಮಿನ ಶುರುವಲ್ಲೇ ಒಂದು ವೇರಿಯಬಲ್‌ನಲ್ಲಿ ಇಟ್ಕೊಳ್ಳಿ.

ಡೆಸ್ಕ್‌ಟಾಪಲ್ಲಿ ವಿಂಡೋಸ್ ಬೇಡ, ಫ್ರೀಡಾಸ್ (ಡಾಸ್ ಥರದ್ದೇ ಉಚಿತ ಸಿಸ್ಟಮ್) ಹಾಕಿ ನೇರ ಕ್ಯೂಬೇಸಿಕ್ ಓಡಿಸಿ. ತೊಗೊಳೋ ಮುಂಚೆ ಬಯೋಸ್‌ನಲ್ಲಿ ಲೆಗಸಿ ಬೂಟ್ ಇದ್ಯಾ ನೋಡ್ಕೊಳ್ಳಿ, ಬರೀ ಯುಇಎಫ್‌ಐ (ಹೊಸ ಥರದ ಬೂಟ್) ಇರೋ ಬೋರ್ಡಲ್ಲಿ ಡಾಸ್ ಬೂಟ್ ಆಗಲ್ಲ.

ಪೀಣ್ಯ_ಕಾಯಿಲ್

ತುಂಬಾ ಥ್ಯಾಂಕ್ಸ್ ಸರ್, ಇಷ್ಟು ಬಿಡಿಸಿ ಯಾರೂ ಹೇಳಿರ್ಲಿಲ್ಲ. ಜಯನಗರದವ್ರು ಹೇಳಿದ ಹಾಗೇ ಇದೆ, ಯುಎಸ್‌ಬಿ ಪ್ರಿಂಟಿಂಗ್ ಸಪೋರ್ಟ್ ಅಂತಾನೇ ತೋರಿಸ್ತಿದೆ, ಎಲ್‌ಪಿಟಿ ಎಲ್ಲೂ ಇಲ್ಲ.

ಇನ್ನೊಂದು ಡೌಟು. ಸ್ಟೆಪ್ಪರ್ ಸ್ಪೀಡಿಗೆ ಅಪ್ಪ ಖಾಲಿ ಲೂಪ್ ಹಾಕಿದಾರೆ, ಫಾರ್ ಐ = 1 ರಿಂದ ಇಷ್ಟರವರೆಗೆ, ನೆಕ್ಸ್ಟ್, ಅಷ್ಟೇ, ಒಳಗೇನೂ ಇಲ್ಲ. ಅವರ ಡೈರಿಯ ಹಿಂದಿನ ಪುಟದಲ್ಲಿ ಪೆನ್ಸಿಲ್ಲಲ್ಲಿ ಎರಡು ಸಾಲು ಇದೆ. 1996 – 400. 2003 – 9000. ಕಂಪ್ಯೂಟರ್ ಬದಲಾದಾಗ ಆ ನಂಬರ್ ಬದಲಾಯಿಸ್ಬೇಕು ಅಂತಾರೆ. ಈಗ ಎಷ್ಟು ಹಾಕೋದು?

ಮತ್ತೆ ಲ್ಯಾಪ್‌ಟಾಪಲ್ಲಿ ಆಗೋದೇ ಇಲ್ವಾ? ವರ್ಕ್‌ಶಾಪಲ್ಲಿ ಧೂಳು ಜಾಸ್ತಿ, ಸಾಯಂಕಾಲ ಎತ್ಕೊಂಡು ಹೋಗೋ ಹಾಗಿದ್ರೆ ಒಳ್ಳೇದಿತ್ತು.

ಇಂಟರ್‌ಫೇಸ್_ಮೇಷ್ಟ್ರು

ತಾಯಿ, ನಿಮ್ಮ ತಂದೆಯವರಿಗೆ ನನ್ನ ನಮಸ್ಕಾರ ತಿಳಿಸಿ. ನಾನು ಪಾಲಿಟೆಕ್ನಿಕ್‌ನಲ್ಲಿ ಲ್ಯಾಬ್ ನೋಡ್ಕೋತಿದ್ದೆ, ಈಗ ರಿಟೈರ್ ಆಗಿದೀನಿ. 8255 ಚಿಪ್ಪಿನ ಇಂಟರ್‌ಫೇಸ್ ಕಾರ್ಡ್, ಸ್ಟೆಪ್ಪರ್ ಮೋಟರ್, 9, 5, 6, 10 ಅನ್ನೋ ಕ್ರಮ ಹುಡುಗರಿಗೆ ವರ್ಷಾ ವರ್ಷಾ ಹೇಳ್ಕೊಟ್ಟಿದ್ದು, ನಿಮ್ಮ ಪೋಸ್ಟಲ್ಲಿ 9 ಆಮೇಲೆ 5 ಅಂತ ನೋಡಿದ ತಕ್ಷಣ ಗುರುತು ಸಿಕ್ತು. ಎರಡೆರಡು ಕಾಯಿಲ್‌ಗೆ ಒಟ್ಟಿಗೆ ಕರೆಂಟ್ ಕೊಡೋ ಕ್ರಮ ಅದು, ಒಂದೊಂದೇ ಕೊಡೋದಕ್ಕಿಂತ ಎಳೆತ ಜಾಸ್ತಿ ಸಿಗುತ್ತೆ. ವಿಚಾರ ಮಾಡಿ ಬರೆದಿದಾರೆ.

ಲ್ಯಾಪ್‌ಟಾಪಲ್ಲಿ ಆಗುತ್ತೆ, ಪ್ಯಾರಲಲ್ ದಾರಿ ಬಿಟ್ಟು ಸೀರಿಯಲ್ ದಾರಿ ಹಿಡೀಬೇಕು. ಯುಎಸ್‌ಬಿ ಪ್ಯಾರಲಲ್ ಕೈಕೊಡೋ ಜಾಗದಲ್ಲಿ ಯುಎಸ್‌ಬಿ ಸೀರಿಯಲ್ ಕೈ ಹಿಡಿಯುತ್ತೆ. ಸೀರಿಯಲ್ ಅಂದ್ರೆ ಒಂದರ ಹಿಂದೆ ಒಂದು ಬೈಟ್ ಹೋಗೋದು ಅಷ್ಟೇ, ಎಫ್‌ಟಿ232, ಸಿಎಚ್340 ಥರದ ಚಿಪ್‌ಗಳ ಡ್ರೈವರ್ ವಿಂಡೋಸ್‌ಗೆ ತನ್ನನ್ನ ಕಾಮ್ 3, ಕಾಮ್ 4 ಅಂತ ನಿಜವಾದ ಪೋರ್ಟ್ ಥರಾನೇ ತೋರಿಸುತ್ತೆ. ಡಾಸ್‌ಬಾಕ್ಸ್ ಹಳೇ ಸೀರಿಯಲ್ ಚಿಪ್ಪನ್ನ ಪೂರ್ತಿ ಅನುಕರಣೆ ಮಾಡುತ್ತೆ, ಅದರ ಕಾನ್ಫಿಗ್ ಫೈಲಲ್ಲಿ ಸೀರಿಯಲ್1 ಅನ್ನೋ ಸಾಲಿಗೆ ಡೈರೆಕ್ಟ್‌ಸೀರಿಯಲ್, ರಿಯಲ್‌ಪೋರ್ಟ್ ಕಾಮ್3 ಅಂತ ಕೊಟ್ರೆ ಕ್ಯೂಬೇಸಿಕ್‌ಗೆ ಅದು ಕಾಮ್ 1 ಆಗಿ ಕಾಣುತ್ತೆ. ಹೀಗೆ ಮಾಡ್ಲೇಬೇಕು, ಕ್ಯೂಬೇಸಿಕ್‌ಗೆ ಕಾಮ್ 1, ಕಾಮ್ 2 ಬಿಟ್ಟು ಬೇರೆ ಗೊತ್ತಿಲ್ಲ.

ಆ ಕಡೆ ಒಂದು ಆರ್ಡುಯಿನೋ ಊನೋ (ಪ್ರೋಗ್ರಾಮ್ ಹಾಕ್ಬಹುದಾದ ಚಿಕ್ಕ ಕಂಟ್ರೋಲರ್ ಬೋರ್ಡ್) ಇಡಿ, ಯುಎಸ್‌ಬಿ ಸೀರಿಯಲ್ ಅದರಲ್ಲೇ ಇರುತ್ತೆ. ಬಂದ ಬೈಟನ್ನ ಎಂಟು ಪಿನ್‌ಗೆ ಹಾಕೋದಷ್ಟೇ ಅದರ ಕೆಲಸ. ಊನೋದ 0 ಮತ್ತೆ 1ನೇ ಪಿನ್ ಸೀರಿಯಲ್‌ಗೆ ಬೇಕು, 2ರಿಂದ 9 ಖಾಲಿ, ನಿಮ್ಮ ಪ್ಯಾರಲಲ್ ಕನೆಕ್ಟರಿನ ಡೇಟಾ ಪಿನ್‌ಗಳೂ 2ರಿಂದ 9, ಅದೇ ನಂಬರಿಗೆ ಅದೇ ನಂಬರ್ ವೈರ್ ಎಳೆದ್ರೆ ಸಾಕು. ನೆಲ, ಅಂದ್ರೆ ಗ್ರೌಂಡ್, 18ರಿಂದ 25ರಲ್ಲಿ ಯಾವ್ದಾದ್ರೂ ಒಂದು.

ನಿಮ್ಮ ತಂದೆಯವರ ಪ್ರೋಗ್ರಾಮಲ್ಲಿ ಔಟ್ 888 ಇರೋ ಪ್ರತಿ ಸಾಲನ್ನೂ ಒಂದು ಸಬ್‌ಗೆ (ಪ್ರೋಗ್ರಾಮಿನೊಳಗಿನ ಚಿಕ್ಕ ಉಪಪ್ರೋಗ್ರಾಮ್) ಕರೆ ಮಾಡೋ ಹಾಗೆ ಬದಲಾಯಿಸಿ. ಆ ಸಬ್ ಒಳಗೆ ಸೀರಿಯಲ್‌ಗೆ ಒಂದು ಅಕ್ಷರ ಪ್ರಿಂಟ್, ಕೊನೆಗೆ ಸೆಮಿಕೋಲನ್ ಮರೀಬೇಡಿ, ಮರೆತ್ರೆ ಸಾಲು ಮುಗಿಸೋ ಅಕ್ಷರಾನೂ ಹೋಗಿ ಮೋಟರ್ ಎಲ್ಲೆಲ್ಲೋ ತಿರುಗುತ್ತೆ. ಗೇಜ್ ಲೆಕ್ಕ, ಪದರದ ಲೆಕ್ಕ, ಪೇಪರ್ ಇಡೋಕೆ ನಿಲ್ಲೋದು, ಎಲ್ಲಾ ಅವರು ಬರೆದ ಹಾಗೇ ಇರುತ್ತೆ. ಪೋರ್ಟ್ ಓಪನ್ ಮಾಡೋ ಸಾಲಲ್ಲಿ 9600,ಎನ್,8,1 ಆದ್ಮೇಲೆ ಸಿಡಿ0,ಸಿಎಸ್0,ಡಿಎಸ್0,ಓಪಿ0 ಅಂತ ಸೇರಿಸಿ, ಇಲ್ಲಾಂದ್ರೆ ಆ ಕಡೆ ಮೋಡೆಮ್ ಇದೆ ಅಂತ ಅದರ ಸಿಗ್ನಲ್‌ಗೆ ಕಾಯ್ತಾ ನಿಂತ್ಬಿಡುತ್ತೆ. ಪೋರ್ಟ್ ಓಪನ್ ಆದ ಕೂಡ್ಲೇ ಊನೋ ರೀಸೆಟ್ ಆಗುತ್ತೆ, 2 ಸೆಕೆಂಡ್ ಬಿಟ್ಟು ಮೊದಲ ಬೈಟ್ ಕಳಿಸಿ. ಆ 2 ಸೆಕೆಂಡಲ್ಲಿ ಪಿನ್‌ಗಳು ಗಾಳಿಯಲ್ಲಿರ್ತವೆ, ಸ್ಪಿಂಡಲ್ ರಿಲೇ ಪಿನ್ನಿಂದ ನೆಲಕ್ಕೆ 10ಕೆ ರೆಸಿಸ್ಟರ್ ಹಾಕಿ. ತಂತಿ ಸುತ್ತೋ ಮಶೀನ್ ತಾಯಿ, ಅದು ತಾನಾಗೇ ತಿರುಗಬಾರ್ದು, ಹತ್ರ ಕೈ ಇರುತ್ತೆ.

ಹಳೇಬೋರ್ಡು

ಮೇಷ್ಟ್ರೇ, ಸಬ್ ಮಾಡ್ಕೊಳೋ ಮಾತು ನೂರಕ್ಕೆ ನೂರು ಒಪ್ಪಿದೆ. ಆದ್ರೆ ಸೆನ್ಸರ್ ಒಂದು ಉಳೀತು, ಅದನ್ನ ಲ್ಯಾಪ್‌ಟಾಪ್ ಕಡೆಯಿಂದ ಓದೋಕೆ ಹೋಗ್ಬಾರ್ದು. ಅಸಲಿ ಪೋರ್ಟ್ ಒಂದ್ಸಲ ಓದೋಕೆ ಸುಮಾರು 1 ಮೈಕ್ರೋಸೆಕೆಂಡ್ ಸಾಕು. ಯುಎಸ್‌ಬಿಯಲ್ಲಿ ಹೋಗಿ ಬರೋದು ಮಿಲಿಸೆಕೆಂಡ್ ಲೆಕ್ಕ, ಎಫ್‌ಟಿ232 ಡ್ರೈವರಲ್ಲಿ ಲೇಟೆನ್ಸಿ ಟೈಮರ್ ಅಂತ ಇದೆ, ಏನೂ ಮುಟ್ಟದಿದ್ರೆ 16 ಮಿಲಿಸೆಕೆಂಡ್. ಸ್ಪಿಂಡಲ್ ನಿಮಿಷಕ್ಕೆ 600 ಸುತ್ತು ತಿರುಗಿದ್ರೆ ಒಂದು ಸುತ್ತಿಗೆ 100 ಮಿಲಿಸೆಕೆಂಡ್, ಸೆನ್ಸರ್ ಮುಂದೆ ತೂತು ಹಾದುಹೋಗೋದು ಅದರಲ್ಲಿ ಒಂದು ಚೂರು, 5 ಮಿಲಿಸೆಕೆಂಡ್ ಇದ್ರೆ ಹೆಚ್ಚು. ಲ್ಯಾಪ್‌ಟಾಪ್ ಕೇಳೋಷ್ಟರಲ್ಲಿ ತೂತು ದಾಟಿ ಹೋಗಿರುತ್ತೆ. ಸುತ್ತು ತಪ್ಪಿದ್ರೆ ಕಾಯಿಲ್ ವೇಸ್ಟು, ತಾಮ್ರದ ರೇಟು ನಿಮಗೇ ಗೊತ್ತು.

ಎಣಿಕೆ ಊನೋ ಬೋರ್ಡಲ್ಲೇ ಆಗ್ಲಿ, ಇಂಟರಪ್ಟ್‌ನಲ್ಲಿ, ಅಂದ್ರೆ ಪಿನ್ ಬದಲಾದ ತಕ್ಷಣ ಬೋರ್ಡ್ ಬೇರೆ ಕೆಲಸ ಬಿಟ್ಟು ಎಣಿಸ್ಕೊಳ್ಳೋ ಹಾಗೆ. ಲ್ಯಾಪ್‌ಟಾಪ್ ಕೇಳಿದಾಗ ಬೋರ್ಡ್ ಇಲ್ಲಿವರೆಗಿನ ಒಟ್ಟು ಸಂಖ್ಯೆ ಕೊಡ್ಲಿ, ಸ್ವಲ್ಪ ತಡವಾದ್ರೂ ಲೆಕ್ಕ ತಪ್ಪಲ್ಲ. ಊನೋದಲ್ಲಿ ನೇರ ಇಂಟರಪ್ಟ್ ಇರೋದು 2 ಮತ್ತೆ 3ನೇ ಪಿನ್‌ಗೆ ಮಾತ್ರ, ಅದಕ್ಕೆ ಸೆನ್ಸರ್ 2ಕ್ಕೆ ಕೊಟ್ಟು ಡೇಟಾನ 4ರಿಂದ 11ಕ್ಕೆ ಸರಿಸಿ, ಮೇಷ್ಟ್ರ ಅದೇ ನಂಬರಿನ ಅನುಕೂಲ ಹೋಗುತ್ತೆ, ಪರವಾಗಿಲ್ಲ. ಸ್ಟೆಪ್ಪರ್ ಟೈಮಿಂಗ್ ಕೂಡ ಬೋರ್ಡಿಗೇ ಬಿಡಿ, ಇಷ್ಟು ಸ್ಟೆಪ್ ಇಷ್ಟು ವೇಗ ಅಂತ ಕಳಿಸಿದ್ರೆ ಸಾಕು, ಆಗ ಖಾಲಿ ಲೂಪಿನ ಗೊಡವೇನೇ ಇಲ್ಲ.

ಡೆಸ್ಕ್‌ಟಾಪ್ ದಾರಿ ಆದ್ರೆ ಲೂಪಿನ ನಂಬರ್ ಹೊಸದಾಗಿ ಹುಡುಕ್ಲೇಬೇಕು. ಕ್ಯೂಬೇಸಿಕ್ ಟೈಮರ್ ಸೆಕೆಂಡಿಗೆ 18.2 ಸಲ ಮಾತ್ರ ಮಿಡಿಯುತ್ತೆ, ಅಂದ್ರೆ 55 ಮಿಲಿಸೆಕೆಂಡಿಗೊಂದ್ಸಲ, ಒಂದೊಂದು ಸ್ಟೆಪ್ ಅಳೆಯೋಕೆ ಅದು ತೀರಾ ಒರಟು, ನಿಮ್ಮ ಅಪ್ಪಾಜಿ ಲೂಪ್ ಹಾಕಿರೋದು ಅದಕ್ಕೇ ಇರ್ಬೇಕು. 10 ಲಕ್ಷ ಸುತ್ತು ಖಾಲಿ ಲೂಪ್ ಓಡಿಸಿ ಎಷ್ಟು ಸೆಕೆಂಡ್ ಆಯ್ತು ಅಂತ ಟೈಮರಲ್ಲಿ ನೋಡಿ, ಅದರಿಂದ ಲೆಕ್ಕ ಹಾಕಿ. ಪ್ರೋಗ್ರಾಮ್ ಮೇಲ್ಗಡೆ ಡೆಫ್‌ಇಂಟ್ ಎ-ಝಡ್ ಅಂತ ಇದ್ಯಾ ನೋಡಿ. ಇದ್ರೆ ಎಲ್ಲಾ ವೇರಿಯಬಲ್ ಇಂಟಿಜರ್, 32767 ದಾಟಿದ್ರೆ ಓವರ್‌ಫ್ಲೋ ಅಂತ ನಿಲ್ಲುತ್ತೆ. ಲೂಪಿನ ಐ ಹಿಂದೆ ಆಂಪರ್‌ಸ್ಯಾಂಡ್ ಗುರುತು ಹಾಕಿ ಲಾಂಗ್ ಮಾಡ್ಕೊಳ್ಳಿ.

ಮಶೀನ್ ಡಬ್ಬಿ ಜೋಡಿಸೋ ಮುಂಚೆ ಪಿನ್ 2 ಮತ್ತೆ 25ರ ಮಧ್ಯ ಮೀಟರ್ ಇಟ್ಟು ಔಟ್ 888, 1 ಕೊಟ್ಟು ನೋಡಿ. ಈಚಿನ ಕೆಲವು ಬೋರ್ಡ್‌ಗಳಲ್ಲಿ 5 ವೋಲ್ಟ್ ಬರಲ್ಲ, 3.3 ಬರುತ್ತೆ, ಆಗ ಆಪ್ಟೋಕಪ್ಲರ್ ಮುಂದಿನ ರೆಸಿಸ್ಟರ್ ಕಮ್ಮಿ ಬೆಲೇದು ಹಾಕ್ಬೇಕಾಗುತ್ತೆ.

ಪೀಣ್ಯ_ಕಾಯಿಲ್

ಎಲ್ರಿಗೂ ಅಪ್‌ಡೇಟ್ ಕೊಡ್ತೀನಿ ಅಂತ ಕಾಯ್ತಿದ್ದೆ. ಅರ್ಜೆಂಟ್ ಆರ್ಡರ್ ಇದ್ದಿದ್ರಿಂದ ಮೊದಲು ಡೆಸ್ಕ್‌ಟಾಪ್ ದಾರೀನೇ ಹಿಡಿದ್ವಿ. ಶನಿವಾರ ಅಪ್ಪನ್ನೂ ಕರ್ಕೊಂಡು ಎಸ್.ಪಿ. ರೋಡಿಗೆ ಹೋದೆ. ನಾಲ್ಕನೇ ಅಂಗಡಿಯಲ್ಲಿ ಸಿಕ್ತು, ಹಿಂದೆ ಪೋರ್ಟ್ ಇಲ್ಲ, ಬೋರ್ಡ್ ಮೇಲೆ ಹಾರ್ಡ್ ಡಿಸ್ಕ್ ಕೇಬಲ್ ಕೆಳಗೆ ಎಲ್‌ಪಿಟಿ ಅಂತ ಸಣ್ಣಗೆ ಬರೆದಿತ್ತು, ಅಪ್ಪ ಟಾರ್ಚ್ ಹಾಕಿ ಅವರೇ ಕಂಡುಹಿಡಿದ್ರು. ಬ್ರ್ಯಾಕೆಟ್ ಕೇಬಲ್ ಬೇರೆ ಅಂಗಡಿಯಲ್ಲಿ ಹಳೇ ಸಾಮಾನಿನ ಡಬ್ಬದಲ್ಲಿ ಸಿಕ್ತು.

ಫ್ರೀಡಾಸ್ ಹಾಕಿ ಔಟ್ 888, 1 ಕೊಟ್ವಿ, ಮೀಟರಲ್ಲಿ 4.8 ಬಂತು, ರೆಸಿಸ್ಟರ್ ಬದಲಾಯಿಸೋ ಕೆಲಸ ಉಳೀತು. ಡಬ್ಬಿ ಜೋಡಿಸಿ ಓಡಿಸಿದಾಗ ಮೋಟರ್ ಕೊಂಯ್ ಅಂತ ಸದ್ದು ಮಾಡ್ತು, ತಿರುಗ್ಲಿಲ್ಲ. 9000ದ ಲೂಪ್ ಕಣ್ಣು ಮಿಟುಕಿಸೋದ್ರೊಳಗೆ ಮುಗೀತಿತ್ತು. ನಂಬರ್ ಜಾಸ್ತಿ ಮಾಡಿದ್ರೆ ಓವರ್‌ಫ್ಲೋ, ಹಳೇಬೋರ್ಡು ಸರ್ ಹೇಳಿದ ಹಾಗೇ ಮೇಲ್ಗಡೆ ಡೆಫ್‌ಇಂಟ್ ಇತ್ತು. ಐ ಲಾಂಗ್ ಮಾಡಿ, ಸ್ವಲ್ಪ ಸ್ವಲ್ಪ ಏರಿಸ್ತಾ ಹೋದ್ವಿ, 1,40,000ಕ್ಕೆ ಬಂದಾಗ ಅಪ್ಪ ಕೈ ಎತ್ತಿ ಸಾಕು ಅಂದ್ರು, ಸದ್ದಿನಲ್ಲೇ ಗೊತ್ತಾಯ್ತಂತೆ.

200 ಸುತ್ತಿನ ಒಂದು ಕಾಯಿಲ್ ಸುತ್ತಿ, ಅದನ್ನ ಮತ್ತೆ ಕೈಯಲ್ಲಿ ಬಿಚ್ತಾ ನಾನೂ ಅಪ್ಪಾನೂ ಇಬ್ರೂ ಜೋರಾಗಿ ಎಣಿಸಿದ್ವಿ. 200 ಬಂತು. ಡೈರಿಯಲ್ಲಿ ಮೂರನೇ ಸಾಲು ಅಪ್ಪ ಬರೆದಾಗಿದೆ.

ಮೇಷ್ಟ್ರೇ, ಊನೋ ಕೂಡ ತಂದಿಟ್ಟಿದೀನಿ, ಆರ್ಡರ್ ಮುಗಿದ್ಮೇಲೆ ಸೆನ್ಸರ್ 2ನೇ ಪಿನ್‌ಗೆ ಕೊಟ್ಟು ಬರೀ ಎಣಿಕೆ ಒಂದನ್ನೇ ಮೊದಲು ಟ್ರೈ ಮಾಡ್ತೀನಿ, ಸಿಕ್ಕಾಕ್ಕೊಂಡ್ರೆ ಇಲ್ಲೇ ಕೇಳ್ತೀನಿ. ಅಪ್ಪ ನಿಮಗೆ ವಾಪಸ್ ನಮಸ್ಕಾರ ಹೇಳಿದಾರೆ, ಪೀಣ್ಯ ಕಡೆ ಬಂದ್ರೆ ಮಶೀನ್ ನೋಡ್ಕೊಂಡು ಕಾಫಿ ಕುಡ್ಕೊಂಡು ಹೋಗ್ಬೇಕಂತೆ.

ಆ ಯುಎಸ್‌ಬಿ ಕೇಬಲ್ ನಮ್ಮ ಬಿಲ್ ಹೊಡಿಯೋ ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರ್‌ಗೆ ಹಾಕಿದೆ, ಅದಕ್ಕೆ ಚೆನ್ನಾಗಿ ಕೆಲಸ ಮಾಡ್ತಿದೆ.